ದೇಹದ ಲೆಕ್ಕ ಬೇರೆ, ದುಡಿಮೆಯ ಲೆಕ್ಕ ಬೇರೆ

ಹರಿಹರದಲ್ಲಿ ಲೇತ್ ಮುಂದೆ ನಿಂತು ದುಡಿದವರಿಗೆ ಹೆಬ್ಬೆರಳಿನ ಬೆಲೆ ಗೊತ್ತು. 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಈ ಊರಿಗೆ ಯಂತ್ರದ ಕಸುಬು ಕಲಿಸಿತು. ಪಕ್ಕದ ದಾವಣಗೆರೆಗೆ ಹತ್ತಿ ಗಿರಣಿಗಳು ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂಬ ಹೆಸರು ತಂದವು. ಇಂಥ ಯಂತ್ರಗಳಿಗೆ ಸಿಕ್ಕಿ ಹೆಬ್ಬೆರಳು ಹೋದರೆ ಗಳಿಕೆಯ ಶಕ್ತಿ ಶೇ 30ರಷ್ಟು ನಷ್ಟ ಎನ್ನುತ್ತದೆ ನೌಕರರ ಪರಿಹಾರ ಕಾನೂನಿನ ಪಟ್ಟಿ. ಆದರೆ ಕಾನೂನು ಪಟ್ಟಿಗೇ ನಿಲ್ಲುವುದಿಲ್ಲ. ಅಪಘಾತದ ಹೊತ್ತಿಗೆ ಕಾರ್ಮಿಕ ಮಾಡಬಲ್ಲವನಾಗಿದ್ದ ಯಾವ ಕೆಲಸವೂ ಮುಂದೆ ಅವನಿಂದ ಆಗದಿದ್ದರೆ ಅದನ್ನು ಪೂರ್ಣ ಅಂಗವೈಕಲ್ಯವೆಂದೇ ಪರಿಗಣಿಸುತ್ತದೆ. ಎಡಗೈ ಕಳೆದುಕೊಂಡ ಬಡಗಿಯೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1975ರ ಡಿಸೆಂಬರ್‌ನಲ್ಲೇ ಇದನ್ನು ಎತ್ತಿಹಿಡಿಯಿತು. ಒಂದು ಕೈಯಲ್ಲಿ ಬಡಗಿತನ ಸಾಗದು, ಆದ್ದರಿಂದ ನಷ್ಟ ಶೇ 100.

ಊನದ ಕಾರಣಕ್ಕೆ ಸೇವೆಯಿಂದ ಬಿಡುಗಡೆಗೊಂಡು, ಅಂದರೆ ‘ಬೋರ್ಡ್ ಔಟ್’ ಆಗಿ, ಗಡಿಯಿಂದ ಬರುವ ಸೈನಿಕನಿಗೆ ಈ ನ್ಯಾಯ ಇಲ್ಲ. ವೈದ್ಯಕೀಯ ಮಂಡಳಿ ನೋಡುವುದು ಎರಡನ್ನೇ: ಊನಕ್ಕೆ ಸೇವೆ ಕಾರಣವೇ ಅಥವಾ ಸೇವೆಯಿಂದ ಅದು ಉಲ್ಬಣಿಸಿತೇ, ಮತ್ತು ಅದು ಶೇಕಡ ಎಷ್ಟು? ಪಿಂಚಣಿಯಲ್ಲಿ ಅಂಗವೈಕಲ್ಯದ ಅಂಶ ಸಿಗಲು ಕನಿಷ್ಠ ಶೇ 20 ಬೇಕು. ಶೇ 50ಕ್ಕಿಂತ ಕಡಿಮೆ ಇದ್ದರೆ 50, ಅಲ್ಲಿಂದ 75ರವರೆಗೆ 75, ಅದಕ್ಕೂ ಮೇಲಿದ್ದರೆ 100 ಎಂದು ಏರಿಸುವ ಪದ್ಧತಿ ಉದಾರವಾದುದೇ. ಪೂರ್ಣ ಊನಕ್ಕೆ ಕೊನೆಯ ವೇತನದ ಶೇ 30, ಅರ್ಧಕ್ಕೆ ಶೇ 15. ಪಿಂಚಣಿಯ ಸೇವಾಂಶ ಇದಕ್ಕೆ ಹೊರತು.

ಈ ಲೆಕ್ಕದಲ್ಲಿ ಕಾಣದ್ದು ಮನುಷ್ಯನ ಮುಂದಿನ ಬದುಕು. ಪಿಯುಸಿ ಮುಗಿಸಿ ಸೈನ್ಯ ಸೇರಿದ ಹುಡುಗ ಕಾಲಾಳುಪಡೆಯಲ್ಲಿ ಕಲಿತ ವಿದ್ಯೆಗೆ ಊರಲ್ಲಿ ಗಿರಾಕಿ ಇಲ್ಲ. ಅವನಿಗೆ ಉಳಿಯುವುದು ಹೆಚ್ಚಾಗಿ ಬ್ಯಾಂಕಿನ ಬಾಗಿಲು, ಕಾಲೇಜಿನ ಗೇಟು. ಅಲ್ಲಿ ದಿನವಿಡೀ ನಿಲ್ಲಬೇಕು. ಬೆನ್ನುಮೂಳೆಗೆ ಪೆಟ್ಟಾದವನು ಒಂದು ತಾಸು ನಿಲ್ಲಲಾರ, ಆದರೂ ಕಾಗದದಲ್ಲಿ ಅವನು ಅರ್ಧ ಗಟ್ಟಿಮುಟ್ಟು.

ಅಮೆರಿಕದಲ್ಲಿ ಇದಕ್ಕೊಂದು ದಾರಿಯಿದೆ. ಸೇವೆಯಿಂದಾದ ಒಂದೇ ಊನ ಶೇ 60ರಷ್ಟಿದ್ದು, ಅದರಿಂದ ಸ್ಥಿರ ಉದ್ಯೋಗ ಅಸಾಧ್ಯವಾದರೆ ಮಾಜಿ ಸೈನಿಕನಿಗೆ ಶೇ 100ರ ದರದಲ್ಲೇ ಭತ್ಯೆ ಸಿಗಬಹುದು. ಅಷ್ಟು ದೂರ ಹೋಗುವುದೂ ಬೇಡ. ನಮ್ಮ ಬಡಗಿಗೆ ಸಿಕ್ಕ ನ್ಯಾಯ ನಮ್ಮ ಯೋಧನಿಗೂ ಸಿಗಲಿ.

ಅಂಗವೈಕಲ್ಯ ಪಿಂಚಣಿ ದುರುಪಯೋಗವಾದೀತು ಎಂಬ ಆತಂಕ ಸರ್ಕಾರಕ್ಕಿದೆ. 2023ರ ಸೆಪ್ಟೆಂಬರ್‌ನಲ್ಲಿ ಅದರ ಅರ್ಹತಾ ನಿಯಮಗಳನ್ನು ಬದಲಿಸಿದಾಗಲೂ ಆ ಚರ್ಚೆ ನಡೆಯಿತು. ಆತಂಕ ಸುಳ್ಳಲ್ಲ, ಆದರೆ ಅದಕ್ಕೆ ಮದ್ದು ಪರಿಶೀಲನೆಯೇ ಹೊರತು ನಿರಾಕರಣೆಯಲ್ಲ. ಸೇರುವಾಗ ದಾಖಲಾಗದ ಕಾಯಿಲೆ ಸೇವೆಯಲ್ಲಿ ಬಂದಿದ್ದೆಂದೇ ಭಾವಿಸಬೇಕು, ಅಲ್ಲವೆನ್ನುವ ಹೊಣೆ ಇಲಾಖೆಯದು ಎಂದು 2013ರಲ್ಲಿ ಧರಂವೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ದುಡಿಮೆಯ ವಿಚಾರದಲ್ಲೂ ಅದೇ ಔದಾರ್ಯ ಬೇಕು. ಮಂಡಳಿಯಲ್ಲಿ ವೈದ್ಯರ ಜೊತೆ ಉದ್ಯೋಗದ ಅರಿವಿರುವ ಅಧಿಕಾರಿಯೂ ಕೂರಲಿ. ಕೆಲವು ವರ್ಷಗಳಿಗೊಮ್ಮೆ ಮರುಪರಿಶೀಲನೆ ನಡೆಯಲಿ.

ಹಕ್ಕು ಕೇಳುವ ದಾರಿಯೂ ಹತ್ತಿರವಾಗಬೇಕು. ಇಂಥ ತಕರಾರು ಆಲಿಸುವ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಪ್ರಾದೇಶಿಕ ಪೀಠ ಕರ್ನಾಟಕದಲ್ಲಿಲ್ಲ. ನಾವು ಕೊಚ್ಚಿ ಪೀಠದ ವ್ಯಾಪ್ತಿಯಲ್ಲಿದ್ದೇವೆ. ನಿಲ್ಲಲಾಗದವನನ್ನು ಅಷ್ಟು ದೂರ ಅಲೆಸುವುದು ತರವಲ್ಲ. ದಾವಣಗೆರೆಯಲ್ಲೇ ಅರ್ಜಿ ಬರೆದುಕೊಡುವ, ದಾಖಲೆ ಹೊಂದಿಸಿಕೊಡುವ ಉಚಿತ ಕಾನೂನು ನೆರವು ಅವನಿಗೆ ಸಿಗಬೇಕು.

ಕಾರ್ಖಾನೆಯಲ್ಲಿ ಬೆರಳು ಕಳೆದುಕೊಂಡವನನ್ನು ‘ಇನ್ನು ನೀನು ಯಾವ ಕೆಲಸ ಮಾಡಬಲ್ಲೆ?’ ಎಂದು ಈ ದೇಶದ ಕಾನೂನು ಕೇಳುತ್ತದೆ. ಗಡಿಯಲ್ಲಿ ಬೆನ್ನು ಮುರಿದುಕೊಂಡವನನ್ನೂ ಅದೇ ಪ್ರಶ್ನೆ ಕೇಳಲಿ.