ಕೈಗಾದ ವಿದ್ಯುತ್ತು, ಮಡಿಕೇರಿಯ ಕಾರು

ಕೊಡಗು ಜಿಲ್ಲೆಯಲ್ಲಿ ರೈಲು ಹಳಿಯೇ ಇಲ್ಲ. ಕಾಫಿ ಚೀಲ ಹೊರಗೆ ಹೋಗಲಿ, ದಿನಸಿ ಒಳಗೆ ಬರಲಿ, ಲಾರಿಯೇ ಗತಿ. ಮಕ್ಕಳು ಶಾಲೆಗೆ ಹೋಗಲು ಬಸ್ಸು, ಜೀಪು ಬೇಕು. ಇವುಗಳಲ್ಲಿ ಬಹುಪಾಲು ಓಡುವುದು ಡೀಸೆಲ್, ಪೆಟ್ರೋಲಿನಿಂದ. ಭಾರತ ಬಳಸುವ ಕಚ್ಚಾ ತೈಲದಲ್ಲಿ ಶೇಕಡಾ 85ಕ್ಕೂ ಹೆಚ್ಚು ಭಾಗ ಹೊರದೇಶಗಳಿಂದ ಬರುತ್ತದೆ. 1990ರಲ್ಲಿ ಇರಾಕ್ ಸೇನೆ ಕುವೈತಿಗೆ ನುಗ್ಗಿದಾಗ ತೈಲದ ಬೆಲೆ ಏರಿ, ದೇಶದ ವಿದೇಶಿ ವಿನಿಮಯ ಬರಿದಾಗುವ ಸ್ಥಿತಿ ಬಂದದ್ದನ್ನು ಹಿರಿಯರು ಮರೆತಿರಲಾರರು.

ಅಣುವಿದ್ಯುತ್ ಹೆಚ್ಚಿಸಿದರೆ ತೈಲದ ಆಮದು ತಗ್ಗೀತೆ? ಪ್ರಬಂಧ ಬರೆಯುವ ವಿದ್ಯಾರ್ಥಿಗಳು ಥಟ್ಟನೆ ‘ಹೌದು’ ಎನ್ನುತ್ತಾರೆ. ಉತ್ತರ ಅಷ್ಟು ಸುಲಭವಲ್ಲ.

ಉತ್ತರ ಕನ್ನಡದ ಕಾಳಿ ನದಿಯ ದಂಡೆಯಲ್ಲಿರುವ ಕೈಗಾದಲ್ಲಿ ತಲಾ 220 ಮೆಗಾವಾಟಿನ ನಾಲ್ಕು ಘಟಕಗಳಿವೆ. ಯುರೇನಿಯಂ ಪರಮಾಣು ಒಡೆದಾಗ ಹುಟ್ಟುವ ಶಾಖವನ್ನು ಭಾರಜಲ ಹೊತ್ತೊಯ್ದು ನೀರನ್ನು ಉಗಿಯಾಗಿಸುತ್ತದೆ. ಉಗಿ ಟರ್ಬೈನನ್ನು ತಿರುಗಿಸುತ್ತದೆ. ಮೊದಲನೆಯ ಘಟಕ 2018ರ ಡಿಸೆಂಬರ್ ಕೊನೆಯವರೆಗೆ 962 ದಿನ ಎಡೆಬಿಡದೆ ನಡೆದು ವಿಶ್ವದಾಖಲೆ ಮಾಡಿತು.

ಆದರೆ ಈ ವಿದ್ಯುತ್ತು ಉಳಿಸುವುದು ಮುಖ್ಯವಾಗಿ ಕಲ್ಲಿದ್ದಲನ್ನು. ಭಾರತದಲ್ಲಿ ತೈಲ ಉರಿಸಿ ತಯಾರಿಸುವ ವಿದ್ಯುತ್ತು ಅತ್ಯಲ್ಪ. ವಾಹನವೇ ವಿದ್ಯುತ್ತಿನಿಂದ ಓಡಿದರೆ ಮಾತ್ರ ಕೈಗಾದ ಶಕ್ತಿ ಪೆಟ್ರೋಲಿನ ಜಾಗಕ್ಕೆ ಬರುತ್ತದೆ. ಈ ಎರಡರ ನಡುವಣ ಸೇತುವೆ ಬ್ಯಾಟರಿ. ಬೆಂಗಳೂರಿನಲ್ಲಿ ತಯಾರಾದ ‘ರೇವಾ’ ಕಾರು 2001ರಲ್ಲೇ ಈ ದಾರಿ ತೋರಿಸಿತ್ತು.

ಘಟ್ಟದ ರಸ್ತೆಗೆ ಇದು ಒಗ್ಗೀತೆ? ಲೆಕ್ಕ ಹಾಕಿ ನೋಡಿ. ಸುಳ್ಯದಿಂದ ಮಡಿಕೇರಿಗೆ ಏರುವ ಎತ್ತರ ಸುಮಾರು 1,000 ಮೀಟರ್. ಕಾರಿನ ದ್ರವ್ಯರಾಶಿ 1,000 ಕಿಲೋಗ್ರಾಂ ಎಂದಿಟ್ಟುಕೊಳ್ಳಿ. ದ್ರವ್ಯರಾಶಿ, 9.8 ಮತ್ತು ಎತ್ತರ ಇವನ್ನು ಗುಣಿಸಿದರೆ 98 ಲಕ್ಷ ಜೂಲ್. ಒಂದು ಯೂನಿಟ್ ವಿದ್ಯುತ್ತೆಂದರೆ 36 ಲಕ್ಷ ಜೂಲ್. ಹಾಗಾಗಿ ಕಾರನ್ನು ಮೇಲೆತ್ತುವುದಕ್ಕೇ ಸುಮಾರು 2.7 ಯೂನಿಟ್ ಬೇಕು. ಗಾಳಿಯ ತಡೆ, ಟೈರಿನ ಘರ್ಷಣೆಗೆ ತಗಲುವ ಶಕ್ತಿ ಬೇರೆ. ಇಳಿಯುವಾಗ ಪೆಟ್ರೋಲ್ ಕಾರು ಈ ಶಕ್ತಿಯನ್ನು ಬ್ರೇಕಿನಲ್ಲೂ ಎಂಜಿನ್ನಿನಲ್ಲೂ ಶಾಖವಾಗಿ ಕಳೆಯುತ್ತದೆ. ಘಟ್ಟದಲ್ಲಿ ಮೂಗಿಗೆ ಬಡಿಯುವ ಬ್ರೇಕಿನ ವಾಸನೆ ಅದರದೇ. ವಿದ್ಯುತ್ ಕಾರಿನಲ್ಲಾದರೋ ಮೋಟಾರೇ ಡೈನಮೋ ಆಗಿ ಒಂದು ಪಾಲನ್ನು ಬ್ಯಾಟರಿಗೆ ಮರಳಿಸುತ್ತದೆ.

ಇದರ ಇನ್ನೊಂದು ಮಗ್ಗುಲನ್ನೂ ಮರೆಯಬಾರದು. ಬಳಸಿದ ಅಣುಇಂಧನದ ವಿಕಿರಣ ಸಾವಿರಾರು ವರ್ಷ ಉಳಿಯುತ್ತದೆ. ಕೈಗಾ ಸ್ಥಾವರವನ್ನು ಶಿವರಾಮ ಕಾರಂತರಂಥವರೇ ವಿರೋಧಿಸಿದ್ದರು. 1994ರಲ್ಲಿ ನಿರ್ಮಾಣದ ಹಂತದಲ್ಲಿದ್ದ ಗುಮ್ಮಟದ ಕಾಂಕ್ರೀಟು ಕಳಚಿ ಬಿದ್ದಿತ್ತು. ಆಮೇಲೆ ವಿನ್ಯಾಸವನ್ನೇ ಬದಲಿಸಬೇಕಾಯಿತು. ದೇಶದ ವಿದ್ಯುತ್ತಿನಲ್ಲಿ ಅಣುಶಕ್ತಿಯ ಪಾಲು ಇಂದಿಗೂ ಶೇಕಡಾ 3ರ ಆಸುಪಾಸು. ಬ್ಯಾಟರಿಯ ಲಿಥಿಯಂ ಕೂಡ ಆಮದಿನದೇ. ಆದರೆ ತೈಲ ಒಮ್ಮೆ ಉರಿದರೆ ಮುಗಿಯಿತು, ಬ್ಯಾಟರಿ ವರ್ಷಗಟ್ಟಲೆ ದುಡಿಯುತ್ತದೆ.

ಮನೆಗೆ ಹೊಸ ವಾಹನ ಕೊಳ್ಳುವ ಮಾತು ಬಂದಾಗ ತಂದೆ ತಾಯಿಯರು ಬೆಲೆ, ಮೈಲೇಜು ವಿಚಾರಿಸುತ್ತಾರೆ. ಜೊತೆಗೆ ಎರಡು ಪ್ರಶ್ನೆಗಳನ್ನು ಮಕ್ಕಳು ಕೇಳಲಿ: ಇದು ಓಡುವ ಶಕ್ತಿ ಎಲ್ಲಿಂದ ಬರುತ್ತದೆ? ಮಳೆಗಾಲದಲ್ಲಿ ತಂತಿಯ ಮೇಲೆ ಮರ ಬಿದ್ದು ಎರಡು ದಿನ ಕರೆಂಟಿಲ್ಲದಿದ್ದರೆ ಏನು ಮಾಡುವುದು? ಇವೆರಡಕ್ಕೂ ಉತ್ತರ ಹುಡುಕಿದ ಮೇಲೆ ಕೊಂಡರೆ ಆಯ್ಕೆ ತಪ್ಪುವ ಸಂಭವ ಕಡಿಮೆ.