ಚೀಟಿ ಹರಿದ ಡಬ್ಬಿ



ಕಳೆದ ವಾರ ಕಮ್ಮನಹಳ್ಳಿಯ ನಮ್ಮ ಮನೆಗೆ ಹಳೆಯ ವಿದ್ಯಾರ್ಥಿಯೊಬ್ಬ ಬಂದಿದ್ದ. ಹೆಸರು ಬೇಡ. ಕಾಫಿ ಕುಡಿದ ಮೇಲೆ ಚೀಟಿ ಹರಿದ ಡಬ್ಬಿಯೊಂದನ್ನು ಚೀಲದಿಂದ ತೆಗೆದು ಮಾತ್ರೆ ನುಂಗಿದ. "ಮಕ್ಕಳಿಗೆ ವಿಟಮಿನ್ ಎಂದು ಹೇಳಿದ್ದೇನೆ ಸಾರ್" ಎಂದು ನಕ್ಕ. ಅದು ಎಚ್‌ಐವಿ ಸೋಂಕಿನ ಮಾತ್ರೆ.

2001ಕ್ಕೆ ಮುನ್ನ ಈ ಚಿಕಿತ್ಸೆಗೆ ಪಾಶ್ಚಾತ್ಯ ದೇಶಗಳಲ್ಲಿ ವರ್ಷಕ್ಕೆ ಹತ್ತು ಸಾವಿರ ಡಾಲರುಗಳಷ್ಟು ಬೇಕಿತ್ತು. ಆ ವರ್ಷ ನಮ್ಮ ಸಿಪ್ಲಾ ಸಂಸ್ಥೆಯ ಯೂಸುಫ್ ಹಮೀದ್ ಅವರು ಮೂರು ಔಷಧಿಗಳನ್ನು ದಿನಕ್ಕೆ ಒಂದು ಡಾಲರಿಗಿಂತ ಕಡಿಮೆ ಬೆಲೆಗೆ ಕೊಡಲು ಮುಂದಾದರು. 2004ರ ಏಪ್ರಿಲ್ 1ರಂದು ಕೇಂದ್ರ ಸರ್ಕಾರವು ಉಚಿತ ಚಿಕಿತ್ಸೆಯನ್ನು ಆರಂಭಿಸಿತು. ಮೊದಲ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು.

ನನ್ನ ಶಿಷ್ಯ 2006ರಲ್ಲಿ ಶಿವಾಜಿನಗರದ ಬೌರಿಂಗ್ ಆಸ್ಪತ್ರೆಯಲ್ಲಿ ಹೆಸರು ಬರೆಸಿದ. ಸ್ಟಾವುಡಿನ್, ಲ್ಯಾಮಿವುಡಿನ್, ನೆವಿರಪಿನ್ ಸೇರಿದ ಮಾತ್ರೆ ಕೊಟ್ಟರು. ಹಾಸಿಗೆ ಹಿಡಿದಿದ್ದವನು ಎದ್ದು ಓಡಾಡಿದ. ಆದರೆ ಎರಡು ವರ್ಷಗಳಲ್ಲಿ ಕೆನ್ನೆಯ ಕೊಬ್ಬು ಕರಗಿ ಮುಖ ಗುಳಿಬಿದ್ದಿತು. ಪಾದಗಳು ರಾತ್ರಿಯಿಡೀ ಉರಿಯುತ್ತಿದ್ದವು. ಎರಡೂ ಸ್ಟಾವುಡಿನ್‌ನ ಅಡ್ಡಪರಿಣಾಮಗಳು. ಮುಖ ನೋಡಿಯೇ ಬೀದಿಯವರು ಪಿಸುಗುಟ್ಟತೊಡಗಿದಾಗ, ವೈದ್ಯರಿಗೂ ಹೇಳದೆ ಮಾತ್ರೆ ಬಿಟ್ಟ. ಕೆಲವೇ ತಿಂಗಳಲ್ಲಿ ಕ್ಷಯ ಅಂಟಿತು.

ಇಲ್ಲಿ ನನ್ನದೂ ಒಂದು ತಪ್ಪಿದೆ. ಆ ದಿನಗಳಲ್ಲಿ ಅವನು ಮನೆಗೆ ಬಂದಾಗ ನಾನು ಬೇರೆ ಲೋಟದಲ್ಲಿ ಕಾಫಿ ಕೊಟ್ಟಿದ್ದೆ. ಎಚ್‌ಐವಿ ಲೋಟದಿಂದ ಹರಡುವುದಿಲ್ಲವೆಂದು ತರಗತಿಯಲ್ಲಿ ಪಾಠ ಹೇಳಿದವನೇ ನಾನು! ಅವನು ಮಾತಾಡದೆ ಲೋಟ ತೊಳೆದು ಮೂಲೆಯಲ್ಲಿ ಬೋರಲು ಹಾಕಿ ಹೋದ. ಮತ್ತೆ ವರ್ಷಗಟ್ಟಲೆ ಬರಲಿಲ್ಲ. ಅವನು ಮಾತ್ರೆ ಬಿಟ್ಟದ್ದು ಪಾದದ ಉರಿಗೆ ಮಾತ್ರವೆಂದು ನಾನು ಹೇಗೆ ನಂಬಲಿ?

ವೈದ್ಯರು ಕ್ಷಯ ಗುಣಪಡಿಸಿ, ಸ್ಟಾವುಡಿನ್ ತೆಗೆದು ಬೇರೆ ಔಷಧಿ ಕೊಟ್ಟರು. 2009ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಆ ಔಷಧಿಯನ್ನು ಕ್ರಮೇಣ ಕೈಬಿಡುವಂತೆ ಹೇಳಿತು. ಇಂದು ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರವಿರ್ ಸೇರಿದ ಮಾತ್ರೆ ದಿನಕ್ಕೊಂದೇ. ಇದಕ್ಕೂ ದೋಷಗಳಿವೆ: ಕೆಲವರಿಗೆ ನಿದ್ರೆ ಕೆಡುತ್ತದೆ, ತೂಕ ಏರುತ್ತದೆ, ಟೆನೊಫೊವಿರ್‌ನಿಂದಾಗಿ ಮೂತ್ರಪಿಂಡದ ಪರೀಕ್ಷೆ ಬೇಕು. ಆಮ್ಲಶಾಮಕ, ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳು ಡೊಲುಟೆಗ್ರವಿರ್ ದೇಹಕ್ಕೆ ಸೇರುವುದನ್ನು ತಡೆಯುವುದರಿಂದ, ಯಾವುದನ್ನು ಯಾವಾಗ ನುಂಗಬೇಕೆಂದು ವೈದ್ಯರನ್ನು ಕೇಳಲೇಬೇಕು. ತೊಂದರೆಯಾದರೆ ಹೇಳಿ ಬದಲಿಸಿಕೊಳ್ಳಬಹುದು. ತಾನಾಗಿ ಬಿಟ್ಟರೆ ವೈರಾಣು ಔಷಧಿಗೆ ಬಗ್ಗದಂತಾಗಬಹುದು. ತಪ್ಪದೆ ನುಂಗಿ, ರಕ್ತದಲ್ಲಿ ವೈರಾಣು ಪತ್ತೆಯಾಗದ ಮಟ್ಟಕ್ಕಿಳಿದು ಹಾಗೆಯೇ ಉಳಿದರೆ, ದಾಂಪತ್ಯ ಸಂಬಂಧದಿಂದ ಸಂಗಾತಿಗೆ ಸೋಂಕು ತಗಲುವುದಿಲ್ಲ.

ವೈದ್ಯವಿಜ್ಞಾನವು ತನ್ನ ಮಾತ್ರೆಯ ದೋಷವನ್ನು ಒಪ್ಪಿಕೊಂಡು ತಿದ್ದಿಕೊಂಡಿತು. ನಾವು ತಿದ್ದಿಕೊಂಡಿದ್ದೇವೆಯೇ? ಸೋಂಕಿತರ ವಿರುದ್ಧ ಭೇದಭಾವವನ್ನು ನಿಷೇಧಿಸುವ ಕಾನೂನು 2017ರಲ್ಲಿ ಬಂದು, ಮರುವರ್ಷ ಜಾರಿಯಾಯಿತು. ಉದ್ಯೋಗ, ಶಾಲೆ, ಆಸ್ಪತ್ರೆಗಳಿಗೆ ಅದು ಅನ್ವಯಿಸುತ್ತದೆ. ನಮ್ಮ ಅಡುಗೆಮನೆಯ ಲೋಟಗಳನ್ನು ಎಣಿಸಲು ಯಾವ ಅಧಿಕಾರಿಯೂ ಬರುವುದಿಲ್ಲ. ಅದು ನಮ್ಮದೇ ಕೆಲಸ.

ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಚೀಟಿ ಹರಿದ ಡಬ್ಬಿಯೊಂದಿದ್ದರೆ, ಅದೇನೆಂದು ಕೆದಕಬೇಡಿ. ಅವರಾಗಿ ಹೇಳಿದರೆ ಕೇಳಿಸಿಕೊಳ್ಳಿ, ಮಾತ್ರೆ ಬಿಡಬೇಡಿರೆಂದು ಹೇಳಿ.

ಕಳೆದ ವಾರ ಅವನಿಗೆ ಎಲ್ಲರ ಲೋಟದಲ್ಲೇ ಕಾಫಿ ಕೊಟ್ಟೆ. ಕ್ಷಮೆ ಕೇಳಬೇಕೆಂದಿದ್ದೆ, ಬಾಯಿ ಬರಲಿಲ್ಲ. ಅವನು ಇದನ್ನು ಓದುತ್ತಾನೆ. ಇಲ್ಲಿಯೇ ಕೇಳುತ್ತಿದ್ದೇನೆ: ಕ್ಷಮಿಸಪ್ಪಾ.