ಮಾನ್ಯತೆಯ ದಾರಿಯಲ್ಲಿ ಕೈಹಿಡಿಯುವವರು ಯಾರು?

ಪಿಯುಸಿ ಫಲಿತಾಂಶ ಪ್ರಕಟವಾದೊಡನೆ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ನಮ್ಮ ಮನೆಗಳಲ್ಲಿ ಒಂದು ಲೆಕ್ಕಾಚಾರ ಆರಂಭವಾಗುತ್ತದೆ. ವಾಣಿಜ್ಯ ವಿಭಾಗದಲ್ಲಿ ಉತ್ತೀರ್ಣಳಾದ ಮಗಳನ್ನು ಬಿ.ಕಾಂ.ಗೆ ಸೇರಿಸುವುದೋ, ಬಿಬಿಎಗೆ ಸೇರಿಸುವುದೋ? ಶುಲ್ಕವೆಷ್ಟು? ಬಸ್ಸು ಎಷ್ಟು ಹೊತ್ತಿಗೆ? ಕತ್ತಲಾಗುವ ಮೊದಲು ಮನೆ ತಲುಪುವಳೇ? ಇವೆಲ್ಲ ಸಹಜವಾದ ಪ್ರಶ್ನೆಗಳು. ಆದರೆ ಆ ಕಾಲೇಜಿಗೆ ಮಾನ್ಯತೆ ಇದೆಯೇ, ಇದ್ದರೆ ಯಾವ ಶ್ರೇಣಿ, ಅದನ್ನು ಹೇಗೆ ಪಡೆಯಿತು ಎಂದು ಕೇಳುವ ತಂದೆ-ತಾಯಿಯರು ವಿರಳ. ಅದು ಪ್ರಾಂಶುಪಾಲರ ತಲೆನೋವು, ನಮಗೇಕೆ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ.

ಈ ಭಾವನೆಯನ್ನು ಬಿಡಬೇಕಾದ ಕಾಲ ಬಂದಿದೆ. ಮೊದಲು ವಿಶ್ವವಿದ್ಯಾಲಯದ ಸಂಯೋಜನೆಯೊಂದಿದ್ದರೆ ನಡೆಯುತ್ತಿದ್ದ ಬಿಬಿಎ ಮತ್ತು ಬಿಸಿಎ ಕೋರ್ಸುಗಳು 2024-25ರ ಶೈಕ್ಷಣಿಕ ವರ್ಷದಿಂದ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ, ಅಂದರೆ ಎಐಸಿಟಿಇಯ ವ್ಯಾಪ್ತಿಗೆ ಬಂದವು. ಪಟ್ಟಣದ ಎರಡಂತಸ್ತಿನ ಕಟ್ಟಡದಲ್ಲಿ ನಡೆಯುವ ಚಿಕ್ಕ ಬಿಬಿಎ ವಿಭಾಗವೂ ಈಗ ವ್ಯವಹಾರ ಶಿಕ್ಷಣ ಸಂಸ್ಥೆಯೆಂದೇ ಲೆಕ್ಕ. ರಾಷ್ಟ್ರೀಯ ಶಿಕ್ಷಣ ನೀತಿ 2020 ಎಲ್ಲ ಕಾಲೇಜುಗಳೂ ಮಾನ್ಯತೆಯ ಮಟ್ಟವನ್ನು ಮುಟ್ಟಬೇಕೆಂದು ಹೇಳಿತು. ಅಷ್ಟಕ್ಕೇ ನಿಲ್ಲದೆ, ತನ್ನ ಸಂಯೋಜಿತ ಕಾಲೇಜುಗಳಿಗೆ ಮಾರ್ಗದರ್ಶನ ನೀಡುವ ಹೊಣೆಯನ್ನು ಆಯಾ ವಿಶ್ವವಿದ್ಯಾಲಯದ ಮೇಲೆಯೇ ಹೊರಿಸಿತು. ನಮ್ಮ ಜಿಲ್ಲೆಯ ಮಟ್ಟಿಗೆ ಆ ವಿಶ್ವವಿದ್ಯಾಲಯವೆಂದರೆ, 2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯವು ಮೂರಾಗಿ ವಿಭಜನೆಗೊಂಡಾಗ ಕೋಲಾರದಲ್ಲಿ ನೆಲೆಗೊಂಡ ಬೆಂಗಳೂರು ಉತ್ತರ ವಿಶ್ವವಿದ್ಯಾಲಯ. ತಾನೇ ಇನ್ನೂ ಎಳೆಯದಾದ ಸಂಸ್ಥೆಯೊಂದು ಇಷ್ಟೊಂದು ಕಾಲೇಜುಗಳ ಕೈಹಿಡಿದು ನಡೆಸೀತೇ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ.

ಮಾನ್ಯತೆ ಎಂದರೇನು? 1994ರಲ್ಲಿ ಸ್ಥಾಪನೆಯಾದ, ಬೆಂಗಳೂರಿನಲ್ಲೇ ಕೇಂದ್ರ ಕಚೇರಿಯುಳ್ಳ ನ್ಯಾಕ್, ಅಂದರೆ ರಾಷ್ಟ್ರೀಯ ಮೌಲ್ಯಾಂಕನ ಹಾಗೂ ಮಾನ್ಯತಾ ಪರಿಷತ್ತು, ಕಾಲೇಜನ್ನು ಏಳು ಮಾನದಂಡಗಳಿಂದ ಅಳೆಯುತ್ತಾ ಬಂದಿದೆ. ಪಠ್ಯಕ್ರಮ, ಬೋಧನೆ, ಸಂಶೋಧನೆ, ಕಟ್ಟಡ-ಗ್ರಂಥಾಲಯ, ವಿದ್ಯಾರ್ಥಿ ಬೆಂಬಲ, ಆಡಳಿತ, ಸಂಸ್ಥೆಯ ಮೌಲ್ಯಗಳು. ಕಾಲೇಜು ತನ್ನ ಕುರಿತು ತಾನೇ ಒಂದು ಸ್ವಯಂ ಅಧ್ಯಯನ ವರದಿಯನ್ನು ಬರೆಯಬೇಕು. ಅದರ ಅಂಕಿ-ಅಂಶಗಳನ್ನು ಹೊರಗಿನವರು ಪರಿಶೀಲಿಸುತ್ತಾರೆ, ವಿದ್ಯಾರ್ಥಿಗಳ ಅಭಿಪ್ರಾಯವನ್ನು ನೇರವಾಗಿ ಕೇಳಲಾಗುತ್ತದೆ, ಕೊನೆಗೆ ಬೇರೆಡೆಯ ಪ್ರಾಧ್ಯಾಪಕರ ತಂಡ ಪರಿಶೀಲಿಸುತ್ತದೆ. ಎಲ್ಲ ಸೇರಿ 4ಕ್ಕೆ ಇಷ್ಟು ಎಂಬ ಅಂಕ. 3.51 ದಾಟಿದರೆ ಎ ಪ್ಲಸ್ ಪ್ಲಸ್, 1.50ರೊಳಗೆ ಉಳಿದರೆ ಮಾನ್ಯತೆಯೇ ಇಲ್ಲ. ಎಂಬಿಎಯಂತಹ ಕೋರ್ಸುಗಳನ್ನು ಪ್ರತ್ಯೇಕವಾಗಿ ಪರಿಶೀಲಿಸಲು ಎನ್‌ಬಿಎ ಎಂಬ ಇನ್ನೊಂದು ಮಂಡಳಿಯಿದೆ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ರೀಲರ್ ಗೂಡನ್ನು ಕೈಗೆತ್ತಿಕೊಂಡು, ಅಲುಗಾಡಿಸಿ, ಒತ್ತಿ ನೋಡಿದ ನಂತರವೇ ಬೆಲೆ ಕೂಗುವುದನ್ನು ಕಂಡವರಿಗೆ ಇದರ ತಿರುಳು ಅರ್ಥವಾಗದಿರದು.

ವಿಪರ್ಯಾಸವೆಂದರೆ, ಆತ್ಮಪರೀಕ್ಷೆಯಾಗಬೇಕಿದ್ದ ಈ ಕಾರ್ಯ ಅನೇಕ ಕಡೆ ಕಡತ ತಯಾರಿಕೆಯ ಉದ್ಯಮವಾಗಿದೆ. ಹಣ ಪಡೆದು ವರದಿ ಬರೆದುಕೊಡುವ ಸಲಹೆಗಾರರಿದ್ದಾರೆ. ಅವರ ಬಳಿ ಸಿದ್ಧ ಮಾದರಿಗಳಿವೆ. ಕಾಲೇಜಿನ ಹೆಸರು ಬದಲಾಯಿಸಿದರೆ ಸಾಕು, ಧ್ಯೇಯವಾಕ್ಯದಿಂದ ಹಿಡಿದು ಉತ್ತಮ ಆಚರಣೆಗಳವರೆಗೆ ಎಲ್ಲವೂ ಸಿದ್ಧ! ನಡೆಯದ ಸಭೆಗೆ ನಡಾವಳಿ, ಸೇರದ ಪೋಷಕರಿಗೆ ಸಹಿ, ಭೇಟಿಯ ಹಿಂದಿನ ವಾರ ಗೋಡೆಗೆ ಬಣ್ಣ, ಬಾಗಿಲಿಗೆ ತೋರಣ. ತಂಡ ಹೊರಟ ಮರುದಿನ ಗ್ರಂಥಾಲಯಕ್ಕೆ ಬೀಗ. ಇಂತಹ ಶ್ರೇಣಿಯಿಂದ ಫಲಕಕ್ಕೆ ಶೋಭೆ ಬರಬಹುದು, ತರಗತಿಗೆ ಏನು ಬಂತು?

ಇದು ಚಿಕ್ಕ ಕಾಲೇಜುಗಳ ಪಾಪ ಮಾತ್ರವೆಂದು ತಿಳಿಯಬಾರದು. 2023ರ ಮಾರ್ಚ್‌ನಲ್ಲಿ ನ್ಯಾಕ್‌ನ ಕಾರ್ಯಕಾರಿ ಸಮಿತಿಯ ಅಧ್ಯಕ್ಷರಾಗಿದ್ದ ಭೂಷಣ್ ಪಟವರ್ಧನ್ ಅವರೇ ಅಕ್ರಮಗಳ ಶಂಕೆ ವ್ಯಕ್ತಪಡಿಸಿ ರಾಜೀನಾಮೆ ನೀಡಿದರು. 2025ರ ಫೆಬ್ರವರಿಯಲ್ಲಿ ಆಂಧ್ರಪ್ರದೇಶದ ಗುಂಟೂರಿನ ಖಾಸಗಿ ಸಂಸ್ಥೆಯೊಂದಕ್ಕೆ ಉನ್ನತ ಶ್ರೇಣಿ ಕೊಡಿಸಲು ನಗದು, ಚಿನ್ನ, ಲ್ಯಾಪ್‌ಟಾಪ್‌ಗಳ ಲಂಚ ನಡೆದಿದೆ ಎಂಬ ಆರೋಪದ ಮೇಲೆ ಸಿಬಿಐ ಪರಿಶೀಲನಾ ತಂಡದ ಅಧ್ಯಕ್ಷ-ಸದಸ್ಯರೂ ಸೇರಿದಂತೆ ಹತ್ತು ಮಂದಿಯನ್ನು ಬಂಧಿಸಿತು. ಆರೋಪದ ನಿಜಾನಿಜವನ್ನು ನ್ಯಾಯಾಲಯ ತೀರ್ಮಾನಿಸಬೇಕು. ಆದರೆ ಬಡ ಕಾಲೇಜಿನ ಅಧ್ಯಾಪಕರ ಮನಸ್ಸಿನಲ್ಲಿ ‘ಇದೆಲ್ಲ ಹಣವಿದ್ದವರ ಆಟ’ ಎಂಬ ನಿರಾಶೆ ಮೂಡಿದರೆ ಅವರನ್ನು ದೂರಲು ಸಾಧ್ಯವೇ? ಇಸ್ರೋದ ಮಾಜಿ ಅಧ್ಯಕ್ಷ ಕೆ. ರಾಧಾಕೃಷ್ಣನ್ ಅವರ ಸಮಿತಿಯ ಶಿಫಾರಸಿನಂತೆ, ಶ್ರೇಣಿಗಳ ಬದಲು ‘ಮಾನ್ಯತೆ ಇದೆ’ ಅಥವಾ ‘ಇಲ್ಲ’ ಎಂದಷ್ಟೇ ಹೇಳುವ ಪದ್ಧತಿಗೆ ಬದಲಾಗುವುದಾಗಿ ನ್ಯಾಕ್ 2024ರ ಜನವರಿಯಲ್ಲಿ ಘೋಷಿಸಿತು. ಒಳ್ಳೆಯ ಹೆಜ್ಜೆಯೇ. ಆದರೆ ವರದಿಯನ್ನು ಬಾಡಿಗೆಗೆ ಬರೆಸುವ ಮನೋಭಾವ ಉಳಿದರೆ ಪದ್ಧತಿ ಬದಲಾಗಿ ಫಲವೇನು?

ಇಲ್ಲಿಯೇ ಮಾರ್ಗದರ್ಶಕರ ಪಾತ್ರ ಮುಖ್ಯವಾಗುವುದು. ಅಮೆರಿಕದಲ್ಲಿ 1916ರಲ್ಲಿ ಹುಟ್ಟಿದ ಎಎಸಿಎಸ್‌ಬಿ ಎಂಬ ಸಂಸ್ಥೆ ಜಗತ್ತಿನ ವ್ಯವಹಾರ ಶಿಕ್ಷಣ ಸಂಸ್ಥೆಗಳಿಗೆ ಮಾನ್ಯತೆ ನೀಡುತ್ತದೆ; ಮಣಿಪಾಲದ ಟಿ. ಎ. ಪೈ ಮ್ಯಾನೇಜ್‌ಮೆಂಟ್ ಸಂಸ್ಥೆ ಅದನ್ನು ಪಡೆದಿದೆ. ಅಲ್ಲಿ ಅರ್ಹತೆಯ ಅರ್ಜಿ ಅಂಗೀಕಾರವಾದೊಡನೆ ಬೇರೊಂದು ಸಂಸ್ಥೆಯ ಅನುಭವಿ ಮುಖ್ಯಸ್ಥರೊಬ್ಬರನ್ನು ಮಾರ್ಗದರ್ಶಕರಾಗಿ ನೇಮಿಸಲಾಗುತ್ತದೆ. ಅವರು ವರದಿ ಬರೆದುಕೊಡುವುದಿಲ್ಲ. ನಿಮ್ಮ ಕೊರತೆ ಇಲ್ಲಿದೆ, ಇದನ್ನು ಯಾವಾಗ, ಯಾರಿಂದ ತುಂಬಿಸುವಿರಿ ಎಂದು ಕೇಳುತ್ತಾರೆ. ಸಂಸ್ಥೆ ತಾನೇ ತನ್ನ ಕೊರತೆಗಳನ್ನು ಬರೆದು, ಅವುಗಳನ್ನು ನೀಗಿಸುತ್ತಾ ಕೆಲವು ವರ್ಷ ನಡೆದ ಮೇಲೆಯೇ ಅಂತಿಮ ಪರಿಶೀಲನೆ.

ನಮ್ಮ ದೇಶದಲ್ಲಿಯೂ ಇಂತಹ ಯೋಜನೆಗಳು ಬಂದಿವೆ. ಯುಜಿಸಿ 2019ರಲ್ಲಿ ‘ಪರಾಮರ್ಶ’ ಯೋಜನೆಯನ್ನು ಆರಂಭಿಸಿತು. ಉತ್ತಮ ಶ್ರೇಣಿಯ ಕಾಲೇಜೊಂದು ಮಾನ್ಯತೆಯಿಲ್ಲದ ಕನಿಷ್ಠ ಐದು ಕಾಲೇಜುಗಳಿಗೆ ದಾರಿ ತೋರಿಸಬೇಕು. ಅದಕ್ಕಾಗಿ 30 ಲಕ್ಷ ರೂಪಾಯಿಯವರೆಗೆ ನೆರವು. ಎಐಸಿಟಿಇಯ ‘ಮಾರ್ಗದರ್ಶನ’ ಯೋಜನೆಯೂ ಇದೇ ಬಗೆಯದು. ಇವುಗಳ ಉದ್ದೇಶದಲ್ಲಿ ಕೊರತೆಯಿಲ್ಲ. ಆದರೆ ಐದು ಕಾಲೇಜುಗಳ ಪ್ರಾಂಶುಪಾಲರನ್ನು ಒಂದು ಸಭಾಂಗಣದಲ್ಲಿ ಕುಳ್ಳಿರಿಸಿ, ಪರದೆಯ ಮೇಲೆ ಮಾನದಂಡಗಳನ್ನು ತೋರಿಸಿ, ಊಟ ಹಾಕಿ ಕಳುಹಿಸಿದರೆ ಅದನ್ನು ಮಾರ್ಗದರ್ಶನವೆನ್ನಲಾದೀತೇ?

ನಿಜವಾದ ಮಾರ್ಗದರ್ಶಕರು ಶಿಡ್ಲಘಟ್ಟದ ಬಿಬಿಎ ವಿಭಾಗಕ್ಕೆ ಬಂದರೆ ಮೊದಲು ಏನನ್ನು ಕೇಳಿಯಾರು? ಹಾಜರಿ ಪುಸ್ತಕವನ್ನು ಕೇಳುವರು. ಮೊದಲ ಸೆಮಿಸ್ಟರ್‌ನಲ್ಲಿದ್ದ ಹುಡುಗಿಯರಲ್ಲಿ ಎಷ್ಟು ಮಂದಿ ಕೊನೆಯ ಸೆಮಿಸ್ಟರ್‌ನಲ್ಲಿದ್ದಾರೆ? ನಡುವೆ ಬಿಟ್ಟವರು ಮದುವೆಯಾಗಿ ಬಿಟ್ಟರೋ, ಶುಲ್ಕ ಕಟ್ಟಲಾಗದೆ ಬಿಟ್ಟರೋ, ಇಂಗ್ಲಿಷ್ ಪಾಠ ಅರ್ಥವಾಗದೆ ಬಿಟ್ಟರೋ? ವಿದ್ಯಾರ್ಥಿವೇತನದ ಅರ್ಜಿ ಯಾರ ಮೇಜಿನ ಮೇಲೆ ನಿಂತಿತು? ಮೂರು ವರ್ಷಗಳ ಹಿಂದೆ ಪದವಿ ಪಡೆದವರು ಈಗ ಎಲ್ಲಿದ್ದಾರೆ? ಉತ್ತರ ಬೇಕಾದರೆ ಅಧ್ಯಾಪಕರು ದೂರವಾಣಿ ಹಿಡಿದು ಒಂದೊಂದು ಮನೆಗೂ ಮಾತನಾಡಬೇಕು. ಈ ಕೆಲಸವನ್ನು ಬೆಂಗಳೂರಿನ ಯಾವ ಸಲಹೆಗಾರನೂ ಮಾಡಲಾರ.

ಬೋಧನೆಯ ವಿಷಯವೂ ಹೀಗೆಯೇ. ಪ್ರತಿ ಪಾಠದಿಂದ ವಿದ್ಯಾರ್ಥಿ ಏನು ಮಾಡಲು ಕಲಿತ ಎಂಬುದನ್ನು ತೋರಿಸಿರಿ ಎನ್ನುವುದು ಮಾನ್ಯತೆಯ ಇಂದಿನ ರೀತಿ. ಕೇಳಲು ಕಠಿಣವೆನಿಸುವ ಈ ಬೇಡಿಕೆಗೆ ನಮ್ಮ ಊರುಗಳಲ್ಲಿಯೇ ಉತ್ತರವಿದೆ. ಒಂದು ಕಿಲೋ ನೂಲಿಗೆ ಆರರಿಂದ ಎಂಟು ಕಿಲೋ ಗೂಡು ಬೇಕಾಗುತ್ತದೆ. ಗೂಡಿನ ಬೆಲೆ, ಸೌದೆ, ಕೂಲಿ, ವಿದ್ಯುತ್ತು, ಸಾಲದ ಬಡ್ಡಿ ಎಲ್ಲ ಸೇರಿ ನೂಲಿನ ಅಸಲು ಎಷ್ಟು? ಯಾವ ಬೆಲೆಯ ಕೆಳಗೆ ಘಟಕ ನಡೆಸುವುದು ನಷ್ಟ? ಈ ಲೆಕ್ಕವನ್ನು ರೀಲಿಂಗ್ ಘಟಕದಲ್ಲಿ ಕುಳಿತು ಮಾಡಿದ ವಿದ್ಯಾರ್ಥಿ ವೆಚ್ಚ ಲೆಕ್ಕಶಾಸ್ತ್ರವನ್ನು ಮರೆಯಲಾರ. ಚಿಂತಾಮಣಿಯ ಟೊಮೇಟೊ ಮಂಡಿಯಲ್ಲಿ ಬೆಲೆ ಹೇಗೆ ಏರಿಳಿಯುತ್ತದೆ ಎಂಬುದನ್ನು ಒಂದು ಹಂಗಾಮಿಡೀ ದಾಖಲಿಸಿದ ತರಗತಿಗೆ ಸಂಶೋಧನೆ ಎಂಬ ಮೂರನೆಯ ಮಾನದಂಡ ಹೆದರಿಕೆಯ ವಿಷಯವಾಗದು. ನಮ್ಮ ರೀಲರ್ ಕುಟುಂಬಗಳ ಮಕ್ಕಳೇ ಅಲ್ಲಿ ಓದುತ್ತಿದ್ದರೂ ತಂದೆಯ ಘಟಕಕ್ಕೂ ಮಗನ ಪಠ್ಯಕ್ಕೂ ಸಂಬಂಧವೇ ಇಲ್ಲದಿರುವುದು ಎಂತಹ ದುರಂತ!

ಒಂದು ಆಕ್ಷೇಪವನ್ನು ಒಪ್ಪಲೇಬೇಕು. ಕಾಯಂ ಅಧ್ಯಾಪಕರಿಲ್ಲದೆ ಮಾರ್ಗದರ್ಶನ ಯಾರಿಗೆ? ರಾಜ್ಯದ ಸರಕಾರಿ ಪದವಿ ಕಾಲೇಜುಗಳು ಸಾವಿರಾರು ಅತಿಥಿ ಉಪನ್ಯಾಸಕರ ದುಡಿಮೆಯ ಮೇಲೆ ನಿಂತಿವೆ. ಮುಂದಿನ ವರ್ಷ ತಾನಿರುವೆನೋ ಇಲ್ಲವೋ ಎಂದು ತಿಳಿಯದವರು ಐದು ವರ್ಷಗಳ ದಾಖಲೆಯನ್ನು ಹೇಗೆ ಕಾಪಾಡಿಯಾರು? ಸರಕಾರ ಹುದ್ದೆಗಳನ್ನು ತುಂಬದೆ ಶ್ರೇಣಿಯನ್ನು ಮಾತ್ರ ಕೇಳುವುದು ನ್ಯಾಯವಲ್ಲ. ಖಾಸಗಿ ಟ್ರಸ್ಟುಗಳಿಗೂ ಈ ಮಾತು ಅನ್ವಯಿಸುತ್ತದೆ. ಕಮಾನು ಕಟ್ಟಲು ಸಿಗುವ ದಾನ ಉಪನ್ಯಾಸಕರ ಸಂಬಳಕ್ಕೆ ಸಿಗದು.

2006ರ ಸಾಚಾರ್ ಸಮಿತಿಯ ವರದಿಯಲ್ಲಿ ಒಂದು ಅಂಕಿಯಿದೆ. ದೇಶದ ಎಲ್ಲ ಐಐಎಂಗಳ ಎಲ್ಲ ಕೋರ್ಸುಗಳಲ್ಲಿದ್ದ 4,743 ವಿದ್ಯಾರ್ಥಿಗಳಲ್ಲಿ ಮುಸ್ಲಿಮರು ಕೇವಲ 63, ಅಂದರೆ ಶೇ. 1.3. ಅಂದಿನಿಂದ ಕಾಲ ಬದಲಾಗಿದೆ, ನಿಜ. ಆದರೆ ಐಐಎಂ ಬೆಂಗಳೂರು ಇರುವುದು ಚಿಕ್ಕಬಳ್ಳಾಪುರದಿಂದ ಎರಡು-ಮೂರು ಗಂಟೆಯ ಪ್ರಯಾಣದ ದೂರದಲ್ಲಿ. ನಮ್ಮ ಹುಡುಗಿಯರಲ್ಲಿ ಬಹುಮಂದಿಗೆ ಆ ದೂರವನ್ನು ದಾಟುವ ಅನುಮತಿ ಮನೆಯಿಂದಲೇ ಸಿಗುವುದಿಲ್ಲ. ಅವರಿಗೆ ಊರಿನ ಕಾಲೇಜೇ ಮೊದಲ ಅವಕಾಶ, ಅನೇಕರಿಗೆ ಅದೇ ಕೊನೆಯದು. ಗೌರಿಬಿದನೂರು ತಾಲೂಕಿನ ಹೊಸೂರಿನಲ್ಲಿ ಹುಟ್ಟಿದ ಡಾ. ಎಚ್. ನರಸಿಂಹಯ್ಯನವರು ತಾವು ಬೆಂಗಳೂರಿಗೆ ಹೋಗಿ ಕಲಿತದ್ದಲ್ಲದೆ, ಗೌರಿಬಿದನೂರು ಮತ್ತು ಬಾಗೇಪಲ್ಲಿಗಳಿಗೆ ನ್ಯಾಷನಲ್ ಕಾಲೇಜನ್ನು ತಂದರು. 1966ರಲ್ಲಿ ಡಾ. ಮುಮ್ತಾಝ್ ಅಹ್ಮದ್ ಖಾನ್ ಅವರು ಬೆಂಗಳೂರಿನಲ್ಲಿ ಅಲ್ ಅಮೀನ್ ಶಿಕ್ಷಣ ಸಂಸ್ಥೆಯನ್ನು ಕಟ್ಟಿದರು. ಇಂದು ಅದರ ಆಶ್ರಯದಲ್ಲಿ ಮ್ಯಾನೇಜ್‌ಮೆಂಟ್ ಕಾಲೇಜೂ ಇದೆ. ಮಾನ್ಯತೆಯ ಪ್ರಕ್ರಿಯೆಯನ್ನು ದಾಟಿದ ಅನುಭವಿಗಳು ಬೆಂಗಳೂರು, ಮಂಗಳೂರು, ಭಟ್ಕಳಗಳ ನಮ್ಮ ಸಂಸ್ಥೆಗಳಲ್ಲಿದ್ದಾರೆ, ನಿವೃತ್ತರೂ ಇದ್ದಾರೆ. ತಿಂಗಳಿಗೆ ಎರಡು ದಿನ, ಎರಡು ವರ್ಷಗಳ ಕಾಲ ಒಬ್ಬೊಬ್ಬರು ಒಂದೊಂದು ಕಾಲೇಜಿಗೆ ಬಂದರೆ ಸಾಕು. ಅದು ಸಮುದಾಯದವರು ನಡೆಸುವ ಕಾಲೇಜೇ ಆಗಿರಬೇಕೆಂದಿಲ್ಲ. ನಮ್ಮ ಹೆಚ್ಚಿನ ಮಕ್ಕಳು ಓದುವುದು ಸರಕಾರಿ ಕಾಲೇಜುಗಳಲ್ಲಿಯೇ.

ಪೋಷಕರು ಮಾಡಬಹುದಾದದ್ದೂ ಇದೆ. ನ್ಯಾಕ್‌ಗೆ ಸಲ್ಲಿಸಿದ ಸ್ವಯಂ ಅಧ್ಯಯನ ವರದಿಯನ್ನು ಕಾಲೇಜು ತನ್ನ ಜಾಲತಾಣದಲ್ಲಿ ಪ್ರಕಟಿಸಬೇಕೆಂಬ ನಿಯಮವಿದೆ. ಪ್ರವೇಶದ ದಿನಗಳಲ್ಲಿ ಅದನ್ನು ತೆರೆದು ಐದನೆಯ ಮಾನದಂಡದ ಪುಟಗಳನ್ನು ನೋಡಿರಿ. ಎಷ್ಟು ಮಂದಿಗೆ ವಿದ್ಯಾರ್ಥಿವೇತನ ಸಿಕ್ಕಿತು, ಎಷ್ಟು ಮಂದಿ ಉನ್ನತ ವ್ಯಾಸಂಗಕ್ಕೆ ಹೋದರು, ಎಷ್ಟು ಮಂದಿಗೆ ಕೆಲಸ ದೊರೆಯಿತು ಎಂಬುದು ಅಲ್ಲಿರುತ್ತದೆ. ನಂತರ ಅದೇ ಕಾಲೇಜಿನಲ್ಲಿ ಓದಿದ ನೆರೆಮನೆಯ ಹುಡುಗಿಯನ್ನು ಕರೆದು, ಅಲ್ಲಿ ಬರೆದದ್ದು ನಿಜವೇ ಎಂದು ಕೇಳಿರಿ.